ಪ್ರಶ್ನೋತ್ತರ: ಕಂಪನಿಯಲ್ಲಿ ಬದಲಾವಣೆ ತರುವಾಗ ಸಿಬ್ಬಂದಿಯನ್ನು ಜೊತೆಗೆ ಕರೆದೊಯ್ಯುವುದು ಹೇಗೆ?

ಅಡ್ಮಿನ್: ಹೊಸ ಸಾಫ್ಟ್‌ವೇರ್, ವಿಭಾಗಗಳ ವಿಲೀನ, ಉದ್ಯೋಗ ಕಡಿತ, ಪಾಳಿ ಬದಲಾವಣೆ, ಯಾವುದರ ಬಗ್ಗೆಯಾದರೂ ಕೇಳಿ. ಬದಲಾವಣೆ ನಿರ್ವಹಣೆಯ ಸಲಹೆಗಾರ್ತಿ ಉತ್ತರಿಸುತ್ತಾರೆ. ಕಂಪನಿಯ ಹೆಸರು ಹಾಕಬೇಡಿ. ಫಾರ್ವರ್ಡ್ ಬೇಡ.

ಬಿಲ್ಲಿಂಗ್ ವಿಭಾಗ: ನಮಸ್ತೆ ಮೇಡಂ. ಮುಂದಿನ ತಿಂಗಳು 1ನೇ ತಾರೀಖಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಶುರು. ನಾವು 40 ಜನ. ಟ್ರೇನಿಂಗ್ ಈಗಲೇ ಮುಗಿಸಿಬಿಡೋಣವೇ?

ಸಲಹೆಗಾರ್ತಿ: ನಮಸ್ತೆ. ಈಗಲೇ ಬೇಡ. ಕಲಿತದ್ದನ್ನು ಕೈಯಾರೆ ಮಾಡದೆ ಮೂರು ವಾರ ಬಿಟ್ಟರೆ ಮರೆತೇ ಹೋಗುತ್ತದೆ. ಶುರುವಾಗುವ ಹಿಂದಿನ ವಾರ 8 ಜನರ ಐದು ತಂಡ ಮಾಡಿ, ನಿಮ್ಮದೇ ಹಳೆಯ ಬಿಲ್‌ಗಳನ್ನಿಟ್ಟುಕೊಂಡು ಕಲಿಸಿ. ವಾಪಸಾದ ಸರಕು, ರಿಯಾಯಿತಿ, ರದ್ದಾದ ಬಿಲ್, ಈ ಮೂರನ್ನೂ ಪ್ರತಿಯೊಬ್ಬರೂ ಒಮ್ಮೆ ಮಾಡಿ ತೋರಿಸಲೇಬೇಕು. ಮೊದಲ ದಿನ ಕೌಂಟರ್ ನಿಲ್ಲುವುದು ಇವುಗಳಲ್ಲೇ, ಸಾದಾ ಬಿಲ್‌ನಲ್ಲಿ ಅಲ್ಲ. ನಾಲ್ವರನ್ನು ಮುಂಚೆಯೇ ಚೆನ್ನಾಗಿ ಪಳಗಿಸಿ, ಮೊದಲ ಎರಡು ವಾರ ಅವರಿಗೆ ಬೇರೆ ಕೆಲಸ ಕೊಡದೆ ಪಕ್ಕದಲ್ಲೇ ನಿಲ್ಲಿಸಿ. ಲೆಕ್ಕಪತ್ರದವರಿಗೆ 1ನೇ ತಾರೀಖೇ ಬೇಕಿದ್ದರೆ, ಹಿಂದಿನ ತಿಂಗಳ ಲೆಕ್ಕ ಮುಗಿಸಲು ಇಬ್ಬರನ್ನು ಬೇರೆಯಾಗಿಯೇ ಇಡಿ. ಎರಡೂ ಹೊರೆ ಒಬ್ಬರ ತಲೆಯ ಮೇಲೆ ಬೀಳಬಾರದು.

ಎಚ್‌ಆರ್ 1: ಮೇಡಂ, ಈ ಫಾರ್ವರ್ಡ್ ನಮ್ಮ ಎಂ.ಡಿ.ಗೆ ತುಂಬಾ ಹಿಡಿಸಿದೆ: "ಹೊಸ ಪದ್ಧತಿಯನ್ನು 21 ದಿನ ಬಿಡದೆ ಬಳಸಿಸಿ, 22ನೇ ದಿನದಿಂದ ಅದು ತಾನಾಗಿಯೇ ಅಭ್ಯಾಸವಾಗುತ್ತದೆ."

ಸಲಹೆಗಾರ್ತಿ: ಇದನ್ನು ನಂಬಿ 22ನೇ ದಿನ ಸಹಾಯಕ್ಕೆ ನಿಂತವರನ್ನು ವಾಪಸ್ ಕರೆಸಿಕೊಳ್ಳುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಅಭ್ಯಾಸದ ಬಗ್ಗೆ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೆದ ಅಧ್ಯಯನದಲ್ಲಿ ಬಂದದ್ದು ಸುಮಾರು 66 ದಿನ. ಒಬ್ಬೊಬ್ಬರ ಲೆಕ್ಕ ನೋಡಿದರೆ 18ರಿಂದ 254 ದಿನ. ಅದೂ ಊಟ, ನೀರು, ವ್ಯಾಯಾಮದಂಥ ಸ್ವಂತ ಅಭ್ಯಾಸಗಳದ್ದು. ನಿಮ್ಮ ಎಂ.ಡಿ. ಹತ್ತಿರ ತಾರೀಖು ಕೇಳಬೇಡಿ, ಗುರುತು ಕೇಳಿ: ಸಹಾಯ ಕೇಳುವ ಕರೆ ದಿನಕ್ಕೆ ಎಷ್ಟಕ್ಕೆ ಇಳಿದರೆ ಬೆಂಬಲ ತೆಗೆಯುತ್ತೀರಿ?

ವಿಲೀನದಲ್ಲಿರುವವ: ಉದ್ಯೋಗ ಕಡಿತ ಇದೆ. ಯಾವಾಗ ಹೇಳಬೇಕು, ಯಾರಿಗೆ ಮೊದಲು?

ಸಲಹೆಗಾರ್ತಿ: ಕೆಲಸ ಹೋಗುವವರಿಗೆ ಮೊದಲು, ಒಬ್ಬೊಬ್ಬರಿಗೇ, ಎದುರು ಕೂತು, ಅವರ ನೇರ ಮೇಲಧಿಕಾರಿಯೇ ಹೇಳಬೇಕು. ಉಳಿಯುವವರಿಗೆ ಅದೇ ದಿನ. ಎರಡರ ನಡುವೆ ರಾತ್ರಿ ಕಳೆಯಬಾರದು. ಹಣದ ಲೆಕ್ಕ, ಕೊನೆಯ ದಿನಾಂಕ ಬರಹದಲ್ಲಿ ಕೈಗೆ ಕೊಡಿ, ಆ ಹೊತ್ತಿನಲ್ಲಿ ಬಾಯಿಮಾತು ತಲೆಗೆ ಹೋಗುವುದಿಲ್ಲ. "ಇನ್ನು ಮುಂದೆ ಯಾರನ್ನೂ ತೆಗೆಯುವುದಿಲ್ಲ" ಎಂಬ ಮಾತು ಬಾಯಿಂದ ಬರಲೇಬಾರದು.

ಗೋದಾಮು ಉಸ್ತುವಾರಿ: ಮೇಡಂ, ಗೋದಾಮಿಗೆ ಕೈ ಸ್ಕ್ಯಾನರ್ ಬಂದು ಐದು ವಾರ. 26 ಜನ ಇದ್ದೇವೆ. ಮೊದಲು ವಾರಕ್ಕೆ 30ರ ಆಸುಪಾಸು ತಪ್ಪಿನ ಚೀಟಿ ಬರುತ್ತಿತ್ತು, ತಪ್ಪು ಖಾನೆ, ತಪ್ಪು ಎಣಿಕೆ ಅಂತ. ಮೂರನೇ ವಾರದಿಂದ ಒಂದೂ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಬಳಕೆ ಶೇ 100. ಯಾರ ತಕರಾರೂ ಇಲ್ಲ. ದಿನಾ ಸಂಜೆ 6ರಿಂದ 7ರೊಳಗೆ ಒಂದೇ ಲಾಗಿನ್‌ನಲ್ಲಿ 140ರಷ್ಟು ಸ್ಕ್ಯಾನ್ ಆಗುತ್ತವೆ, ಅಷ್ಟೇ ವಿಚಿತ್ರ. ಮುಂದಿನ ತಿಂಗಳು ಹಳೆಯ ರಿಜಿಸ್ಟರ್ ನಿಲ್ಲಿಸುತ್ತೇವೆ. ಸರಿ ತಾನೇ?

ಸಲಹೆಗಾರ್ತಿ: ದಯವಿಟ್ಟು ನಿಲ್ಲಿಸಬೇಡಿ. ಇಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಇದು.

ಹೊಸ ಪದ್ಧತಿ ಬಂದ ಮೊದಲ ವಾರಗಳಲ್ಲಿ ತಪ್ಪು ಏರಬೇಕು, ಆಮೇಲೆ ನಿಧಾನಕ್ಕೆ ಇಳಿಯಬೇಕು. 30 ಇದ್ದದ್ದು ಏಕಾಏಕಿ ಸೊನ್ನೆಯಾದರೆ ತಪ್ಪು ನಿಂತಿಲ್ಲ, ತಪ್ಪನ್ನು ಹೇಳುವುದು ನಿಂತಿದೆ. ಆ 140 ನೋಡಿ. ಗಂಟೆಗೆ 140 ಅಂದರೆ 26 ಸೆಕೆಂಡಿಗೊಂದು. ರ‍್ಯಾಕ್‌ನಿಂದ ರ‍್ಯಾಕ್‌ಗೆ ನಡೆದು ಯಾರೂ ಅಷ್ಟು ಮಾಡಲಾರರು. ಯಾರೋ ಒಂದು ಕಡೆ ಕೂತು, ಹಗಲಿಡೀ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಸಂಜೆ ಒಟ್ಟಿಗೆ ಹಾಕುತ್ತಿದ್ದಾರೆ. ಬಾರ್‌ಕೋಡ್‌ಗಳನ್ನು ಒಂದು ಹಾಳೆಗೆ ಅಂಟಿಸಿಕೊಂಡಿರಲೂಬಹುದು. ಹಾಗಿದ್ದರೆ ಬೆಳಿಗ್ಗೆಯಿಂದ ಸಂಜೆ 6ರವರೆಗೆ ನಿಮ್ಮ ಸ್ಟಾಕ್ ಸಂಖ್ಯೆಯೇ ಸುಳ್ಳು, ಅದನ್ನು ನೋಡಿ ಮಾರಾಟದವರು ಆರ್ಡರ್ ಒಪ್ಪಿಕೊಳ್ಳುತ್ತಿದ್ದಾರೆ.

ನಾಳೆಯೇ 20 ಖಾನೆ ಎಣಿಸಿ. ಹತ್ತು ಬೇಗ ಖಾಲಿಯಾಗುವವು, ಹತ್ತು ನಿಧಾನದವು. ಮುಂಚಿತವಾಗಿ ಹೇಳಬೇಡಿ. ಕಣ್ಣೆದುರು ಇರುವುದು, ರಿಜಿಸ್ಟರಿನಲ್ಲಿ ಇರುವುದು, ಸಿಸ್ಟಮ್‌ನಲ್ಲಿ ಇರುವುದು, ಮೂರೂ ಅಕ್ಕಪಕ್ಕ ಬರೆಯಿರಿ. ಮಧ್ಯಾಹ್ನ ಎಣಿಸಿ, ಸಂಜೆ 7ರ ನಂತರ ಎಣಿಸಿದರೆ ಎಲ್ಲ ತಾಳೆಯಾಗಿಬಿಡುತ್ತದೆ.

ಆಮೇಲೆ ಕೆಲಸ ಜೋರಿರುವ ಎರಡು ಗಂಟೆ ಒಬ್ಬರ ಜೊತೆ ಸುಮ್ಮನೆ ನಡೆಯಿರಿ. ಒಂದು ಪೆಟ್ಟಿಗೆಗೆ ಎಷ್ಟು ಬಾರಿ ಬಟನ್ ಒತ್ತಬೇಕು, ಸ್ಕ್ಯಾನರ್ ಎಷ್ಟನೇ ಸಲಕ್ಕೆ ಓದಿತು, ಬರೆದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಸುತ್ತಿದ ಲೇಬಲ್ ಬೆಳಕಿಗೆ ಹೊಳೆದು ಓದುವುದಿಲ್ಲ. ಕೈಗವಸು ಹಾಕಿದರೆ ಪರದೆ ಕೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಪಾಳಿಯ ನಡುವೆ ಬ್ಯಾಟರಿ ಸಾಯುತ್ತದೆ. ಈ ನಾಲ್ಕರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಆ ಲಾಗಿನ್‌ನ ವ್ಯಕ್ತಿಯಿಂದ ವಿವರಣೆ ಕೇಳಿ ಪತ್ರ ಕೊಡಬೇಡಿ. ಎಲ್ಲರ ಪರವಾಗಿ ಅವರು ಗೋದಾಮು ನಡೆಸುತ್ತಿದ್ದಾರೆ. ಅವರಿಗೆ ನೋಟಿಸ್ ಹೋದ ದಿನವೇ ಉಳಿದ 25 ಜನ ಬಾಯಿ ಮುಚ್ಚುತ್ತಾರೆ. ಆ ನೋಟ್‌ಬುಕ್ ಕೇಳಿ ಪಡೆಯಿರಿ, ಎಲ್ಲಿ ಸ್ಕ್ಯಾನರ್ ಕೈಕೊಡುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ.

ಇನ್ನೆರಡು ನನಗೆ ತಿಳಿಸಿ: ತಪ್ಪಿನ ಚೀಟಿ ಈಗ ಸ್ಕ್ಯಾನರಿನಲ್ಲೇ ಹಾಕಬೇಕೇ, ಹೆಸರು ಕಾಣುತ್ತದೆಯೇ? ಮೇಲ್ವಿಚಾರಕರ ಕೆಲಸಕ್ಕೆ ಕೊಡುವ ಅಂಕದಲ್ಲಿ ತಪ್ಪಿನ ಸಂಖ್ಯೆ ಸೇರಿದೆಯೇ?

ರಾತ್ರಿ ಪಾಳಿ: ರಾತ್ರಿ ಪಾಳಿಯವರಿಗೆ ಮಾಹಿತಿ ಸಭೆ ಯಾವ ಹೊತ್ತಿಗೆ ಇಡಬೇಕು ಮೇಡಂ?

ಎಚ್‌ಆರ್ 2: ಗೋದಾಮಿನವರಿಗೆ ಇಷ್ಟು ಮೃದುತ್ವ ಬೇಡ. ವಿರೋಧಿಸುವವರು ಇಬ್ಬರು ಮೂವರೇ ಇರುತ್ತಾರೆ. ಗುರುತಿಸಿ ಬೇರೆ ಕಡೆ ಹಾಕಿದರೆ ಉಳಿದವರು ದಾರಿಗೆ ಬರುತ್ತಾರೆ.

ಶಿಫ್ಟ್ ಮೇಲ್ವಿಚಾರಕ: ಓದಿ ಮಾತಾಡಿ ಸರ್. ಅಲ್ಲಿ ಯಾರೂ ವಿರೋಧಿಸುತ್ತಿಲ್ಲ, ಅದೇ ಸಮಸ್ಯೆ.

ಎಚ್‌ಆರ್ 2: ಎಲ್ಲದಕ್ಕೂ ಕಾರ್ಮಿಕರನ್ನು ಕೇಳುತ್ತಾ ಕೂತರೆ ಕಂಪನಿ ನಡೆಯಲ್ಲ.

ಸಲಹೆಗಾರ್ತಿ: ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಒಂದು ಪೈಜಾಮ ಕಾರ್ಖಾನೆಯ ಬಗ್ಗೆ ಕೋಚ್ ಮತ್ತು ಫ್ರೆಂಚ್ ಎಂಬ ಇಬ್ಬರು ಸಂಶೋಧಕರು 1948ರಲ್ಲಿ ಬರೆದರು. ಇಸ್ತ್ರಿ ಮಾಡಿದ ಬಟ್ಟೆಯನ್ನು ರಟ್ಟಿನ ಮೇಲೆ ಜೋಡಿಸುವ ಬದಲು ಪೆಟ್ಟಿಗೆಯಲ್ಲಿ ಜೋಡಿಸಬೇಕು, ಬದಲಾವಣೆ ಇಷ್ಟೇ. ಬರೀ ಆದೇಶ ಕೇಳಿದ ಗುಂಪಿನ ಉತ್ಪಾದನೆ ಕುಸಿದು ಮೇಲೇಳಲಿಲ್ಲ, ಮೊದಲ 40 ದಿನದಲ್ಲಿ ಶೇ 17 ಜನ ಕೆಲಸ ಬಿಟ್ಟರು. ಬೇರೆ ಗುಂಪುಗಳು ಇಂಥದೇ ಸಣ್ಣ ಬದಲಾವಣೆಗಳನ್ನು ಕೂತು ಚರ್ಚಿಸಿ ತಾವೇ ರೂಪಿಸಿದವು. ಅವು ಬೇಗ ಚೇತರಿಸಿಕೊಂಡು ಹಳೆಯ ಮಟ್ಟವನ್ನೂ ದಾಟಿದವು.

ಎಚ್‌ಆರ್ 2: 1948ರ ಹೊಲಿಗೆ ಕಾರ್ಖಾನೆ ಇಟ್ಟುಕೊಂಡು ಇವತ್ತಿನ ಪಾಠ!

ಶಿಫ್ಟ್ ಮೇಲ್ವಿಚಾರಕ: ಜನ ಬದಲಾಗಿದ್ದಾರಾ? ನಿಮ್ಮಂಥವರ ಪವರ್‌ಪಾಯಿಂಟ್ ಮುಗಿದ ಮೇಲೆ ಫ್ಲೋರ್‌ನಲ್ಲಿ ನಿಲ್ಲೋದು ನಾವು.

ಎಚ್‌ಆರ್ 2: ವೈಯಕ್ತಿಕ ಮಾತು ಬೇಡ. ಮತ್ತೆ "ನಿಮ್ಮಂಥವರು" ಅಂದರೆ ಏನರ್ಥ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹೊಸ ಸದಸ್ಯ: ಕೆಲಸ ಕಡಿತದ ವಿಷಯ ಮೊದಲು ಯಾರಿಗೆ ತಿಳಿಸಬೇಕು?

ಸಲಹೆಗಾರ್ತಿ: ಮೇಲೆ ಹೇಳಿದ್ದೇನೆ.

ತರಬೇತಿ ವಿಭಾಗ: ಮೇಡಂ, "ಶೇ 70 ಬದಲಾವಣೆಗಳು ಸೋಲುತ್ತವೆ, ಕಾರಣ ಸಿಬ್ಬಂದಿಯ ವಿರೋಧ" ಅಂತ ಫಾರ್ವರ್ಡ್. ಇದನ್ನು ನಮ್ಮ ಮೊದಲ ಸ್ಲೈಡಿಗೆ ಹಾಕಬಹುದೇ?

ಸಲಹೆಗಾರ್ತಿ: ಬೇಡ. 1993ರಲ್ಲಿ ಹ್ಯಾಮರ್ ಮತ್ತು ಚಾಂಪಿ ಎಂಬ ನಿರ್ವಹಣಾ ಲೇಖಕರು, ಒಂದು ಬಗೆಯ ಮರುರಚನೆಗೆ ಕೈಹಾಕಿದ ಕಂಪನಿಗಳಲ್ಲಿ ಶೇ 50ರಿಂದ 70ಕ್ಕೆ ಅಂದುಕೊಂಡ ಫಲ ಸಿಗುವುದಿಲ್ಲ ಎಂದು ಬರೆದರು, ವೈಜ್ಞಾನಿಕವಲ್ಲದ ಅಂದಾಜು ಎಂದು ತಾವೇ ಸೇರಿಸಿದರು. ಅದೇ ಊರೆಲ್ಲ ಸುತ್ತಿ ನಿಯಮವಾಗಿದೆ. ಮೊದಲ ಸ್ಲೈಡಿನಲ್ಲೇ "ನೀವೇ ಅಡ್ಡಿ" ಎಂದು ಹೇಳಿದ ಮೇಲೆ ಎರಡನೇ ಸ್ಲೈಡ್ ಯಾರು ಕೇಳುತ್ತಾರೆ? ಫಾರ್ವರ್ಡ್ ಬೇಡ ಎಂದು ಮೊದಲೇ ಬರೆದಿತ್ತು.

ಇನ್ನೊಬ್ಬ ಸದಸ್ಯ: ಉದ್ಯೋಗ ಕಡಿತದ ಬಗ್ಗೆ ಯಾವಾಗ ಹೇಳೋದು ಒಳ್ಳೆಯದು?

ಸಲಹೆಗಾರ್ತಿ: ಮೇಲೆ ಓದಿ. ಮೂರನೇ ಸಲ.

ಇನ್ನೊಬ್ಬ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಡುಕೇಕೆ?

ಗೋದಾಮು ಉಸ್ತುವಾರಿ: ಮೇಡಂ, ಮಧ್ಯಾಹ್ನ 2ಕ್ಕೆ ಎಣಿಸಿದೆವು. 20ರಲ್ಲಿ 6 ಖಾನೆ ಸಿಸ್ಟಮ್‌ಗೆ ತಾಳೆಯಾಗಲಿಲ್ಲ, ಆರೂ ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆಗಳು. ರಿಜಿಸ್ಟರ್ 20ಕ್ಕೆ 20 ಸರಿ. ಚೀಟಿ ಈಗ ಸ್ಕ್ಯಾನರಿನಲ್ಲೇ, ಹೆಸರು ಕಾಣುತ್ತದೆ. ಮೇಲ್ವಿಚಾರಕರ ಅಂಕಕ್ಕೂ ಸೇರಿದೆ. ನೋಟ್‌ಬುಕ್ ಕೊಟ್ಟರು, 31 ಪುಟ.

ಸಲಹೆಗಾರ್ತಿ: ಬೇಗ ಮಾಡಿದಿರಿ, ಒಳ್ಳೆಯದಾಯಿತು. ಲೇಬಲ್ಲನ್ನು ಪ್ಲಾಸ್ಟಿಕ್ಕಿನ ಹೊರಗೆ ಅಂಟಿಸಿ, ಒಂದು ಸಾಲಿನಲ್ಲಿ ಮೂರು ದಿನ ನೋಡಿ. ಹೆಸರಿಲ್ಲದ ಕಾಗದದ ಚೀಟಿ, ಪೆಟ್ಟಿಗೆ ಇವತ್ತೇ ವಾಪಸ್ ಇಡಿ. ಅಂಕದಿಂದ ತಪ್ಪಿನ ಸಂಖ್ಯೆಯನ್ನು ಮೂರು ತಿಂಗಳ ಮಟ್ಟಿಗಾದರೂ ತೆಗೆಸಿ. ಆಗುವುದಿಲ್ಲ ಎಂದರೆ ಮ್ಯಾನೇಜ್‌ಮೆಂಟ್‌ಗೆ ಆ ಆರು ಖಾನೆಯ ಹಾಳೆ ತೋರಿಸಿ. ಚೀಟಿ ಮತ್ತೆ 30, 40 ಬಂದರೆ ಗಾಬರಿಯಾಗಬೇಡಿ, ಬರಬೇಕು. ರಿಜಿಸ್ಟರನ್ನು ಸಾಲಿನಿಂದ ಸಾಲಿಗೆ ನಿಲ್ಲಿಸಿ, ಒಂದು ಸಾಲು ಸತತ ಎರಡು ವಾರ ಮಧ್ಯಾಹ್ನದ ಎಣಿಕೆಯಲ್ಲಿ ತಾಳೆಯಾದ ಮೇಲೆ ಮಾತ್ರ. ಆ 31 ಪುಟದ ಫೋಟೊ ತೆಗೆದು ಸಾಫ್ಟ್‌ವೇರ್‌ನವರಿಗೆ ಕಳಿಸಿ, ಬರೆದವರನ್ನೂ ಆ ಸಭೆಗೆ ಕೂರಿಸಿ.

ಎಚ್‌ಆರ್ 2: 20 ಖಾನೆ ನೋಡಿ ಇಡೀ ಗೋದಾಮಿನ ತೀರ್ಪು ಕೊಡಬಾರದು.

ಶಿಫ್ಟ್ ಮೇಲ್ವಿಚಾರಕ: ಹಾಗಾದರೆ 200 ಎಣಿಸಿ. ನೀವೇ ಬನ್ನಿ.

ರಾತ್ರಿ ಪಾಳಿ: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.