ಆಯಿಯ ಸಾಲದ ಮೊತ್ತ ಅಪರಿಚಿತನಿಗೆ ಹೇಗೆ ಗೊತ್ತಾಯಿತು? ಪಹಣಿ ಇಷ್ಟು ಬಯಲಾಗಿರಬೇಕೇ?

ತೋಟದಮಗಳು (ಶಿರಸಿ ತಾಲೂಕು, ಸದ್ಯ ಹುಬ್ಬಳ್ಳಿ)

ನಮಸ್ಕಾರ. ಊರಿನಲ್ಲಿ ಆಯಿ ಒಬ್ಬಳೇ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ತೋಟ ಅವಳ ಹೆಸರಿಗೆ ಬಂದಿದೆ. ಮೊನ್ನೆ ಕಾರಿನಲ್ಲಿ ಬಂದ ಒಬ್ಬ ಜಗಲಿಯಲ್ಲಿ ಕೂತು "ತೋಟ ಕೊಡ್ತೀರಾ" ಎಂದು ಕೇಳಿದನಂತೆ. ಸರ್ವೇ ನಂಬರು, ಹಿಸ್ಸಾ, ಎಕರೆ-ಗುಂಟೆ ಎಲ್ಲ ಅವನ ಬಾಯಲ್ಲೇ ಇತ್ತು. ಅದನ್ನಾದರೂ ಬಿಡೋಣ. "ಸೊಸೈಟಿ ಸಾಲ ಇಷ್ಟಿದೆಯಲ್ಲ, ಒಬ್ಬರೇ ಹೇಗೆ ತೀರಿಸ್ತೀರಿ" ಎಂದು ಮೊತ್ತ ಸಮೇತ ಹೇಳಿದ. ಆ ಮೊತ್ತ ನಮ್ಮ ಅತ್ತಿಗೆಗೂ ಗೊತ್ತಿರಲಿಲ್ಲ. ಅವತ್ತಿನಿಂದ ಆಯಿ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದಾಳೆ.

ಭೂಮಿ ವೆಬ್‌ಸೈಟ್ ತೆರೆದು ನೋಡಿದೆ. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೇ ನಂಬರು ಕೊಟ್ಟರೆ ಎಲ್ಲ ಕಣ್ಣೆದುರು. ಅರ್ಜಿ ಕೊಟ್ಟು ಇದನ್ನು ಮುಚ್ಚಿಸಲು ಬರುತ್ತದೆಯೇ? ಹೊಸ ಡೇಟಾ ಸಂರಕ್ಷಣಾ ಕಾಯ್ದೆ ಇದಕ್ಕೆ ನೆರವಾಗುತ್ತದೆಯೇ? ಒಬ್ಬ ವಿಧವೆಯ ಸಾಲ ಊರಿಗೆಲ್ಲ ಯಾಕೆ ಕಾಣಬೇಕು?

ನಿವೃತ್ತ ತಲಾಟಿ, ಕುಮಟಾ

ತಂಗಿ, ಮೊದಲು ಆಯಿಗೆ ಧೈರ್ಯ ಹೇಳು. ಪಹಣಿ ನೋಡಿದ ಮಾತ್ರಕ್ಕೆ ಯಾರೂ ತೋಟ ತೆಗೆದುಕೊಂಡು ಹೋಗಲಾರರು. ಅವಳ ಸಹಿ ಇಲ್ಲದೆ ಏನೂ ಆಗದು. ಯಾವ ಕಾಗದಕ್ಕೂ, "ಬರೀ ವಿಚಾರಣೆಗೆ" ಎಂದರೂ, ಸಹಿ ಹಾಕಬಾರದು, ಹೆಬ್ಬೆಟ್ಟು ಒತ್ತಬಾರದು.

ಅವನಿಗೆ ತಿಳಿದದ್ದು ಹೀಗೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ರಸ್ತೆ ಮೇಲೆ ನಿಂತವನಿಗೂ ತಾನು ನಿಂತ ಜಾಗದ ಸರ್ವೇ ನಂಬರು ಸಿಗುತ್ತದೆ. ಆ ನಂಬರನ್ನು ಭೂಮಿಯಲ್ಲಿ ಹಾಕಿದರೆ ಪಹಣಿ. ಪಹಣಿಯ 9ನೇ ಕಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಇತರೆ ಹಕ್ಕು ಮತ್ತು ಋಣ. ಸೊಸೈಟಿಯ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ಹೊರೆ, ಕೂತಿರುವುದು ಅಲ್ಲಿಯೇ. ಇನ್ನು ಅವನು ಬಂದದ್ದು ಯಾಕೆ? 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಘಟ್ಟದ ಮೇಲೆ, ಕೆಳಗೆ, ಎರಡೂ ಕಡೆ ಇಂಥವರ ಓಡಾಟ ಹೆಚ್ಚಿದ್ದು ಆಮೇಲೆಯೇ. ಬೆಟ್ಟವನ್ನೂ ಸೇರಿಸಿ ದರ ಹೇಳಿದ್ದರೆ ಅದು ಮೋಸ. ಬೆಟ್ಟ ಅರಣ್ಯದ ಜಾಗ, ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ.

ಮುಚ್ಚಿಸುವ ವಿಷಯ. 2023ರ ಡೇಟಾ ಕಾಯ್ದೆಯ 3ನೇ ಕಲಮಿನಲ್ಲೇ ವಿನಾಯಿತಿ ಇದೆ: ಕಾನೂನಿನ ಕರ್ತವ್ಯವಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಆ ದಾರಿಯಲ್ಲಿ ಹೋಗಿ ಪ್ರಯೋಜನವಿಲ್ಲ.

ಮುಚ್ಚಲೂ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಹಣಿ ಕೈಬರಹದ ಪುಸ್ತಕವಾಗಿ ನಮ್ಮ ಕೈಯಲ್ಲಿದ್ದ ಕಾಲದಲ್ಲಿ ಅದನ್ನು ನೋಡಬೇಕಾದರೆ ತಲಾಟಿಯ ಮರ್ಜಿ ಕಾಯಬೇಕಿತ್ತು. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದದ್ದು, ಅಣ್ಣನೊಬ್ಬನ ಹೆಸರಿಗೇ ಖಾತೆಯಾದದ್ದು ಎಷ್ಟೋ ವರ್ಷದ ಮೇಲೆ ಬಯಲಾಗುತ್ತಿತ್ತು. ಇವತ್ತು ನೀನು ಹುಬ್ಬಳ್ಳಿಯಲ್ಲಿ ಕೂತು ಆಯಿಯ ಸರ್ವೇ ನಂಬರಿನ ಮೇಲೆ ಮ್ಯುಟೇಷನ್ (ಖಾತೆ ಬದಲಾವಣೆ) ಏನಾದರೂ ಶುರುವಾಗಿದೆಯೇ ಎಂದು ನೋಡಬಲ್ಲೆ. ಆಗಾಗ ನೋಡುತ್ತಿರು. ತಕರಾರು ಹಾಕಲು ಅವಧಿ ಇರುತ್ತದೆ, ಅದು ಮುಗಿದ ಮೇಲೆ ಗೊತ್ತಾದರೆ ಕೋರ್ಟು ಕಚೇರಿ ಅಲೆಯಬೇಕು.

ಆದರೆ ಸಾಲದ ಮಾತಿನಲ್ಲಿ ನಿನ್ನ ಸಂಕಟ ಪೂರ್ತಿ ನ್ಯಾಯದ್ದು. ಕೊಳ್ಳುವವನಿಗೆ, ಬ್ಯಾಂಕಿಗೆ ಜಮೀನಿನ ಮೇಲೆ ಬೋಜಾ ಇದೆಯೋ ಇಲ್ಲವೋ ತಿಳಿದರೆ ಸಾಕು. ಮೊತ್ತ ಬೇಕಾದವರು ಹೆಸರು, ಮೊಬೈಲ್ ನಂಬರು ಕೊಟ್ಟು ಲಾಗಿನ್ ಆಗಿ ನೋಡಲಿ, ಯಾರು ನೋಡಿದರೆಂಬುದು ಖಾತೆದಾರರಿಗೆ ತಿಳಿಯಲಿ. ಚಾವಡಿಗೆ ಬಂದು ಪುಸ್ತಕ ನೋಡುವವನ ಮುಖವಾದರೂ ನಮಗೆ ಕಾಣುತ್ತಿತ್ತು.

ಕಾಯಕಬಂಧು, ಅಂಕೋಲಾ

ತಲಾಟಿಯವರು ಹೇಳಿದ್ದಕ್ಕೆ ಇನ್ನೊಂದು ಮಗ್ಗುಲು ಸೇರಿಸುತ್ತೇನೆ, ಯಾಕೆಂದರೆ ಖಾಸಗಿತನದ ಹೆಸರಿನಲ್ಲಿ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸುತ್ತಿದ್ದೇನೆ.

ಉದ್ಯೋಗ ಖಾತ್ರಿಯಲ್ಲಿ ನಮ್ಮ ಗುಂಪಿನ ಹೆಂಗಸರು ಕೆರೆ ಹೂಳು ತೆಗೆದಿದ್ದರು. ಎನ್‌ಎಂಆರ್, ಅಂದರೆ ಕೂಲಿಕಾರರ ಹಾಜರಿ ಪಟ್ಟಿ (ಮಸ್ಟರ್ ರೋಲ್), ಆನ್‌ಲೈನಿನಲ್ಲಿ ಇದ್ದದ್ದರಿಂದಲೇ, ಕೆಲಸಕ್ಕೆ ಬಾರದವರ ಹೆಸರಿಗೂ ಹಾಜರಿ ಬಿದ್ದದ್ದು ನಮ್ಮ ಕಣ್ಣಿಗೆ ಬಿತ್ತು. ಹೆಸರು ಕಾಣದೇ ಇದ್ದಿದ್ದರೆ ಏನನ್ನು ಹಿಡಿದು ಕೇಳುತ್ತಿದ್ದೆವು? ಮಾಹಿತಿ ಹಕ್ಕು ಕಾಯ್ದೆ ಹುಟ್ಟಿದ್ದೇ ರಾಜಸ್ಥಾನದ ಹಳ್ಳಿಗರು ಮಸ್ಟರ್ ರೋಲ್ ತೋರಿಸಿ ಎಂದು ಕೂತ ಹೋರಾಟದಿಂದ. 2005ರ ಆ ಕಾಯ್ದೆಯ 4ನೇ ಕಲಮಿನಲ್ಲಿ ಸಹಾಯಧನದ ಫಲಾನುಭವಿಗಳ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು ಎಂದಿದೆ. ನಮ್ಮಲ್ಲಿ ಸರ್ಕಾರದ ಮಾಹಿತಿ ಕಣಜ ಜಾಲತಾಣ ಬಂದದ್ದು ಅದೇ ದಾರಿಯಲ್ಲಿ.

ಈಗ ನೋಡಿ. ಮೊದಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಹೇಳುತ್ತಿದ್ದದ್ದು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಎಂದು. ಡೇಟಾ ಕಾಯ್ದೆಯ 44(3) ಆ ಷರತ್ತುಗಳನ್ನೆಲ್ಲ ತೆಗೆದು "ವೈಯಕ್ತಿಕ ಮಾಹಿತಿ" ಎಂದಷ್ಟೇ ಉಳಿಸಿತು. 2025ರ ನವೆಂಬರಿನಿಂದ ಜಾರಿಯಲ್ಲಿದೆ. ಮನೆ ಮಂಜೂರಾತಿ ಪಟ್ಟಿ ಕೇಳಿದ ನನ್ನ ಅರ್ಜಿಗೆ ಬಂದ ಉತ್ತರ ಒಂದೇ ಸಾಲಿನದು: ವೈಯಕ್ತಿಕ ಮಾಹಿತಿ, ಕೊಡಲಾಗದು. ಎರಡು ಅಂತಸ್ತಿನ ಮನೆಯವನಿಗೆ ಮನೆ ಮಂಜೂರಾಗಿದೆ, ಪಕ್ಕದ ಗುಡಿಸಲಿನ ಅಜ್ಜಿಗೆ ಇಲ್ಲ. ಇದು ವೈಯಕ್ತಿಕವೇ? ಅದು ಸರ್ಕಾರದ ದುಡ್ಡು, ನಮ್ಮೆಲ್ಲರ ದುಡ್ಡು.

ತೋಟದಮಗಳು ಅವರೇ, ನಿಮ್ಮ ಆಯಿಯ ಸಾಲ ಅವಳ ಸ್ವಂತದ್ದು, ಅದನ್ನು ಮರೆಮಾಡಿ ಎಂದು ನಾನೂ ದನಿಗೂಡಿಸುತ್ತೇನೆ. ಪಂಚಾಯಿತಿಯಿಂದ ಹೋಗುವ ಹಣದ ಹೆಸರುಗಳನ್ನು ಮಾತ್ರ ಮುಚ್ಚಲು ಬಿಡಬಾರದು.

ತೋಟದಮಗಳು

ಇಬ್ಬರಿಗೂ ಧನ್ಯವಾದ. ಸಾಲದ ಮೊತ್ತ ಮರೆಮಾಡಿ, ಬೋಜಾ ಇದೆ ಎಂಬುದಷ್ಟೇ ಕಾಣಲಿ ಎಂದು ಕಂದಾಯ ಇಲಾಖೆಗೆ ಬರೆಯುತ್ತೇನೆ. ಕರಡನ್ನು ಇಲ್ಲೇ ಹಾಕುವೆ, ತಿದ್ದಿಕೊಡಿ. ಇನ್ನೊಂದು: ಆಯಿ ತೋಟದ ಒಂದು ಪಾಲನ್ನು ನನ್ನ ಹೆಸರಿಗೆ ದಾನಪತ್ರ ಮಾಡಬೇಕೆಂದಿದ್ದಾಳೆ. ನೋಂದಣಿ ಮಾಡಿಸಿದರೆ ಅವಳ ಆಧಾರ್, ಬೆರಳಚ್ಚೂ ಹೀಗೇ ಬಯಲಾಗುತ್ತದೆಯೇ?

ನಿವೃತ್ತ ತಲಾಟಿ, ಕುಮಟಾ

ಕೇಳಿದ್ದು ಒಳ್ಳೆಯದಾಯಿತು. 2023ರಲ್ಲಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಖಾತೆಯ ಹಣ ತೆಗೆದ ಪ್ರಕರಣಗಳು ಕರ್ನಾಟಕದಲ್ಲಿ ವರದಿಯಾದವು. ಒಟಿಪಿಯೂ ಬೇಕಿಲ್ಲ ಅದಕ್ಕೆ. ಆಮೇಲೆ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು. ಆದರೂ ನೀನು ಮಾಡಬೇಕಾದ್ದನ್ನು ಮಾಡು. ನೋಂದಣಿ ಮುಗಿಸಿ ಹೊರಬಂದ ದಿನವೇ ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಆಯಿಯ ಬಯೋಮೆಟ್ರಿಕ್ ಲಾಕ್ ಮಾಡಿಬಿಡು. ಲಾಕ್ ಆದ ಮೇಲೆ ರೇಷನ್ ಅಂಗಡಿಯಲ್ಲಿ ಬೆರಳು ತೆಗೆದುಕೊಳ್ಳುವುದಿಲ್ಲ, ಆ ಹೊತ್ತಿಗೆ ತಾತ್ಕಾಲಿಕವಾಗಿ ತೆಗೆಯಲು ಅವಳಿಗೋ ಪಕ್ಕದ ಮನೆಯವರಿಗೋ ಕಲಿಸಿಕೊಡು. ಅವಳ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಅಪ್ಪನದ್ದೇ ಆಗಿದ್ದರೆ ಮೊದಲು ಅದನ್ನು ಬದಲಿಸಬೇಕು. ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ದಾನಪತ್ರದ ಕರಡಿನಲ್ಲಿ ಆಧಾರ್ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಹಾಕಲು ಪತ್ರ ಬರೆಯುವವರಿಗೆ ಹೇಳು.

ಅಂಕೋಲೆಯ ತಂಗಿ, ನೀನು ಮೇಲ್ಮನವಿ ಹಾಕಿದ್ದೀಯಾ? ಹಾಕದಿದ್ದರೆ 30 ದಿನದೊಳಗೆ ಹಾಕು. ಮಾಹಿತಿ ಹಕ್ಕು ಕಾಯ್ದೆಯ 8(2) ಇನ್ನೂ ಹಾಗೆಯೇ ಇದೆ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು. ಅದನ್ನೂ, 4ನೇ ಕಲಮಿನ ಫಲಾನುಭವಿಗಳ ಮಾತನ್ನೂ ಎರಡು ಪ್ಯಾರಾದಲ್ಲಿ ಬರೆ. ಫೋನ್ ನಂಬರು, ಬ್ಯಾಂಕ್ ಖಾತೆ ಬೇಡ, ಹೆಸರು ಮತ್ತು ಮಂಜೂರಾದ ಮೊತ್ತ ಸಾಕು ಎಂದು ನೀನೇ ಮೊದಲು ಹೇಳಿಬಿಡು, ಆಗ ನಿರಾಕರಿಸಲು ಅವರಿಗೆ ಕಾರಣ ಕಮ್ಮಿಯಾಗುತ್ತದೆ.