ಬೇರೆಯಾತ ಬಂದ!

ನಾವು ನಾಲ್ಕು ಜನ. ವಿಡಿಯೋ ಆಟದಲ್ಲಿ ಇರುವುದು ಮೂರು ಜೀವ. ಗಲಾಟೆ ಶುರುವಾದದ್ದೇ ಅಲ್ಲಿಂದ.

"ತಲೆಗೆ ಮುಕ್ಕಾಲು ಜೀವ ಬರ್ತದೆ," ಅಂದರು ಮಾಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಎಲ್ಲಿ ಕೂತರೂ ಭಾಗಾಕಾರ ಮಾಡುತ್ತಾರೆ. "ಮುಕ್ಕಾಲು ಜೀವ ಹಿಡ್ಕೊಂಡು ಯುದ್ಧಕ್ಕೆ ಹೋಗುವುದು ಹೇಗೆ ಮಾರಾಯ?"

"ಕೊನೇ ಪೀರಿಯಡ್ಡಿಗೆ ನೀವು ಹಾಗೇ ಹೋಗುವುದಲ್ವಾ," ಅಂದ ಸೋಡ.

ಸೋಡ ಅಂದರೆ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸೋಡಾ ಶರಬತ್ತಿನ ಅಂಗಡಿ ಇಟ್ಟವನು. ಮೂರನೆಯವರು ಭಾವ, ಅಡಿಕೆ ತೋಟದವರು. ನಿಜಕ್ಕೂ ಭಾವ ನನಗೊಬ್ಬನಿಗೇ, ಆದರೆ ಊರಿಡೀ ಹಾಗೇ ಕರೆಯುತ್ತದೆ. ನಾಲ್ಕನೆಯವನು ನಾನು. ವಯಸ್ಸಿನಲ್ಲಿ ಕೊನೆಯವನು, ಹಾಗಾಗಿ ಸರದಿಯಲ್ಲೂ ಕೊನೆಯವನು.

ಆಟ ತಂದದ್ದು ನನ್ನ ಅಕ್ಕನ ಮಗ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಓದುತ್ತಾನೆ ಅಂತ ಅಕ್ಕ ಹೇಳುತ್ತಾಳೆ. ಆಟಿ ತಿಂಗಳ ಮಳೆಗೆ ಊರಿಗೆ ಬಂದವನ ಬ್ಯಾಗಿನಲ್ಲಿ ಪುಸ್ತಕ ಒಂದೂ ಇರಲಿಲ್ಲ, ಪ್ಲೇಸ್ಟೇಷನ್ ಇತ್ತು. ಅದರೊಳಗೆ ದೈತ್ಯ ಪ್ರಾಣಿಗಳನ್ನು ಬೇಟೆಯಾಡುವ ಆಟ ಮಾನ್‌ಸ್ಟರ್ ಹಂಟರ್ ವರ್ಲ್ಡ್, ಅದಕ್ಕೆ 2019ರಲ್ಲಿ ಜಪಾನಿನ ಕ್ಯಾಪ್‌ಕಾಮ್‌ನವರು ಸೇರಿಸಿದ ಐಸ್‌ಬಾರ್ನ್ ಅನ್ನುವ ಹಿಮದ ಭಾಗ. ನಾವು ನಾಲ್ವರೂ ಹಿಮ ಅಂತ ನೋಡಿದ್ದು ಮೀನಿನ ಪೆಟ್ಟಿಗೆಯಲ್ಲಿ ಮತ್ತು ಸೋಡನ ಅಂಗಡಿಯಲ್ಲಿ ಮಾತ್ರ.

ಈ ಹಿಮದೂರಿನಲ್ಲಿ ಒಂದು ಪ್ರಾಣಿ ಉಂಟು. ಬಿಳಿ ಮೈ, ಬಾಯಿಂದ ಕೆಳಕ್ಕಿಳಿದ ಎರಡು ಉದ್ದ ಕೋರೆ, ಮುಂಗಾಲೇ ರೆಕ್ಕೆ, ರೆಕ್ಕೆಯಲ್ಲಿ ಗರಗಸದ ಹಾಗೆ ಮುಳ್ಳು. ಅದರ ಹೆಸರು ಬೇರಿಯೋತ್. ಭಾವನ ಕಿವಿಗೆ ಅದು ಬೇರೆಯೇ ಕೇಳಿಸಿತು.

"ಬೇರೆಯಾತನಾ? ಹಾಗಾದ್ರೆ ನಾವು ಹುಡುಕಿದಾತ ಯಾರು?"

ಅಲ್ಲಿಂದ ಅದಕ್ಕೆ ಬೇರೆಯಾತ ಅಂತಲೇ ಹೆಸರು. ಅಳಿಯ ತಿದ್ದಿ ತಿದ್ದಿ ಸುಸ್ತಾದ. ಈ ಸರಣಿಗೆ ಅದು ಮೊದಲ ಸಲ ಬಂದದ್ದು 2009ರಲ್ಲಿ ಅಂತ ಅವನು ಹೇಳಿದ ಮೇಲೆ ಭಾವನಿಗೆ ಸ್ವಲ್ಪ ಗೌರವ ಬಂತು. "ಓಹೋ, ಹತ್ತು ವರ್ಷ ಸರ್ವಿಸ್ ಮಾಡಿ ಐಸ್‌ಬಾರ್ನಿಗೆ ಬಂದವ."

ನಿಯಮ ಸರಳ. ನಮ್ಮಲ್ಲಿ ಇದ್ದದ್ದು ಒಂದೇ ಕಂಟ್ರೋಲರ್. ನಮ್ಮ ಬೇಟೆಗಾರ ಮೂರ್ಛೆ ಹೋದರೆ ಬೆಕ್ಕುಗಳು ತಳ್ಳುಗಾಡಿ ತಂದು, ಹೊತ್ತು ಹಾಕಿ, ಡೇರೆಯ ಹತ್ತಿರ ಗೊಬ್ಬರದ ಬುಟ್ಟಿ ಮಗುಚಿದ ಹಾಗೆ ಮಗುಚಿ ಹೋಗುತ್ತವೆ. ಆಗ ಕಂಟ್ರೋಲರ್ ಮುಂದಿನವರಿಗೆ. ಹೀಗೆ ಮೂರು ಸಲ ಮೂರ್ಛೆ ಹೋದರೆ ಆಟ ಮುಗಿಯಿತು. ನಾಲ್ಕನೆಯವನ ಪಾಲಿಗೆ ಉಳಿಯುವುದು ಹಲಸಿನ ಹಪ್ಪಳ.

ಮೊದಲ ಭಾನುವಾರ ಭಾವ ಇಳಿದರು. ಬೆಳಿಗ್ಗೆ ಮಳೆ ಬಿಟ್ಟ ಸಣ್ಣ ಬಿಡುವಿನಲ್ಲಿ ತೋಟಕ್ಕೆ ಕೊಳೆರೋಗದ ಮದ್ದು ಬಿಡಿಸಿ ಬಂದಿದ್ದರು. ಮೈಲುತುತ್ತು, ಸುಣ್ಣದ ನೀರು ಉಗುರಿನ ಸಂದಿನಲ್ಲಿ ಇನ್ನೂ ಇತ್ತು. ಕಪ್ಪು ಕಂಟ್ರೋಲರಿನ ಮೇಲೆ ತೆಳು ನೀಲಿಯ ಎರಡು ಹೆಬ್ಬೆಟ್ಟು ಮೂಡಿತು. ಅದು ಇವತ್ತಿಗೂ ಹೋಗಿಲ್ಲ, ಅಳಿಯ ಸ್ಯಾನಿಟೈಸರ್ ಹಾಕಿ ಉಜ್ಜುವುದೂ ನಿಂತಿಲ್ಲ.

ಬೇರೆಯಾತ ಬಂದ. ಕತ್ತು ಎತ್ತಿ ಒಂದು ಆರ್ಭಟ ಕೊಟ್ಟ. ಭಾವ ಕಂಟ್ರೋಲರ್ ತೊಡೆಯ ಮೇಲಿಟ್ಟು ನೋಡುತ್ತಾ ಕೂತರು.

"ಹೊಡೀರಿ ಭಾವ!"

"ತಡೆ ಮಾರಾಯ. ರಕ್ಕಸನ ಬಣ್ಣದ ವೇಷದ ಪ್ರವೇಶ ನಡೀತಾ ಉಂಟು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರು ನಾವು, ಪ್ರವೇಶ ಮುಗಿಯುವ ಮೊದಲು ಕೈ ಮಾಡುವುದು ಮರ್ಯಾದೆಯಾ?"

ಬೇರೆಯಾತನಿಗೆ ಯಕ್ಷಗಾನದ ಸಂಸ್ಕಾರ ಇರಲಿಲ್ಲ. ಎಡಕ್ಕೊಂದು ಜಿಗಿತ, ಬಲಕ್ಕೊಂದು ಜಿಗಿತ, ಮೂರನೆಯದು ಭಾವನ ಮೇಲೆ. ಬೆಕ್ಕು ಬಂತು, ಗಾಡಿ ಬಂತು.

ಮಾಷ್ಟ್ರು ಬುದ್ಧಿವಂತರು, ದೂರ ನಿಂತರು. ಅದು ಬಾಯಿಂದ ಸುಂಟರಗಾಳಿಯ ಹಾಗೆ ಹಿಮ ಉಗುಳಿತು. ಆ ಗಾಳಿ ನೆಲದ ಮೇಲೆ ಸ್ವಲ್ಪ ಹೊತ್ತು ತಿರುಗುತ್ತಾ ಇರುತ್ತದೆ. ತಾಗಿದರೆ ದಮ್ಮು ಕೈಕೊಡುತ್ತದೆ, ಓಡಿದರೂ ಉರುಳಿದರೂ ಬೇಗ ಸುಸ್ತಾಗುತ್ತದೆ. ಮಾಷ್ಟ್ರಿಗೆ ತಾಗಿತು. ಅವರು ಅಲ್ಲೇ ನಿಂತು, ಬೇರೆಯಾತನ ಮೂಗಿನ ಎದುರು, ಬಾಟಲಿ ತೆಗೆದು ಔಷಧ ಕುಡಿಯಲು ಶುರು ಮಾಡಿದರು. ಗುಳುಕ್, ಗುಳುಕ್. ಮೂರನೇ ಗುಳುಕಿಗೆ ಬೆಕ್ಕು ಬಂತು.

"ಹೆಡ್ ಮಾಷ್ಟ್ರ ಎದುರು ಚಾ ಕುಡಿದ ಹಾಗಾಯ್ತು," ಅಂದ ಸೋಡ, ಸುತ್ತಿಗೆ ಎತ್ತಿಕೊಂಡು.

ಸುತ್ತಿಗೆ ಅವನು ಬೇಕೆಂದೇ ಆರಿಸಿದ್ದು. ಮಂಜುಗಡ್ಡೆ ಒಡೆಯುವುದು ಅವನ ಉದ್ಯೋಗ. ಗೋಣಿ ಮುಚ್ಚಿ, ಮರದ ಕೊಡತಿ ಎತ್ತಿ, ಮೊದಲು ಮೆಲ್ಲ ಎರಡು ಬಡಿದು ಸದ್ದು ಕೇಳುತ್ತಾನೆ, ಮತ್ತೆ ಒಂದೇ ಏಟು. ಹಾಗೇ ಇಲ್ಲೂ ತಲೆಗೇ ಬಾರಿಸಿದ. ನಾಲ್ಕು ಏಟಿಗೆ ಬೇರೆಯಾತ ತಲೆ ತಿರುಗಿ ಬಿದ್ದ! ಆಟದಲ್ಲಿ ಸುತ್ತಿಗೆಯ ಗುಣವೇ ಅದು, ತಲೆಗೆ ಬಿದ್ದರೆ ಮಂಪರು. ನಾವು ಚಪ್ಪಾಳೆ ಹೊಡೆದೆವು. ಸೋಡ ಅಭ್ಯಾಸಬಲದಿಂದ ಕಂಟ್ರೋಲರ್ ಕೆಳಗಿಟ್ಟು ಕೈ ಒರೆಸಿಕೊಂಡ. ಅವನ ಪ್ರಕಾರ ಗಡ್ಡೆ ಒಡೆದಾಗಿತ್ತು. ಗಡ್ಡೆ ಎದ್ದಿತು.

ಒಟ್ಟು ಹನ್ನೊಂದು ನಿಮಿಷ. ನಾನು ಏಳು ಹಪ್ಪಳ ತಿಂದಿದ್ದೆ.

ಎರಡನೇ ಭಾನುವಾರ ಆಟಕ್ಕಿಂತ ಮಾತೇ ಜಾಸ್ತಿ. ಭಾವ ಬಂದದ್ದೇ ಒಂದು ಬದಿ ಕೆಸರು, ಒಂದು ಬದಿ ಮನುಷ್ಯನಾಗಿ.

ನಮ್ಮ ಕಡೆ ಅಂಗಳ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ವಿವರ ಬೇಡ. ಹಸಿರು ಪಾಚಿ, ನೋಡಲು ಮಖಮಲ್ಲು, ಕಾಲಿಟ್ಟರೆ ಎಣ್ಣೆ. ಅದಕ್ಕೇ ಗೇಟಿನಿಂದ ಜಗಲಿಯವರೆಗೆ ಅಡಿಕೆ ಸೋಗೆ ಹಾಸುವುದು. ಗೆರೆ ಹಿಡಿದ ಹಾಗೆ ಸೋಗೆಯ ಮೇಲೇ ನಡೆದರೆ ಬಚಾವ್. ಅಳಿಯ ಬೈಕ್ ಒಳಗೆ ತರಲು ಎರಡು ಸೋಗೆ ಸರಿಸಿದ್ದ. ಭಾವ ಆ ಎರಡು ಸೋಗೆಯ ಜಾಗದಲ್ಲಿ ಒಂದು ಕಾಲು ಇಟ್ಟರು. ಮತ್ತಿನದ್ದು ಅವರ ಕೈಯಲ್ಲಿರಲಿಲ್ಲ. ಕೊಡೆ ಮಾತ್ರ ಕೊನೆಯವರೆಗೂ ನೆಟ್ಟಗೆ ಇತ್ತು.

"ನಲವತ್ತು ಅಡಿ ಮರದಲ್ಲಿ ಬೀಳದವ ಅಂಗಳದಲ್ಲಿ ಬಿದ್ದೆ," ಅಂದರು ಪಂಚೆ ಹಿಂಡುತ್ತಾ.

"ಮರದಲ್ಲಿ ಕಾಲಿಗೆ ತಳೆ ಇರ್ತದಲ್ಲ," ಅಂದರು ಮಾಷ್ಟ್ರು. "ಹಿಡಿತ. ಘರ್ಷಣೆಯ ಗುಣಾಂಕ."

"ಗುಣಾಂಕ ಅಲ್ಲ ಮಾಷ್ಟ್ರೇ, ಸೊಂಟ."

ಅಳಿಯ ಮೊಬೈಲಿನಿಂದ ತಲೆ ಎತ್ತಿದ. "ಅದೇ ನಾನು ಮೊದಲಿಂದ ಹೇಳ್ತಾ ಇದ್ದದ್ದು!"

"ಎಂತ, ನಾನು ಬೀಳ್ತೇನೆ ಅಂತಲಾ?"

"ಬೇರಿಯೋತ್ ಹಿಮದ ಮೇಲೆ ಅಷ್ಟು ಜೋರಾಗಿ ಹಾರಿ ಗಕ್ಕ ನಿಲ್ಲುವುದು ರೆಕ್ಕೆಯ ಮುಳ್ಳಿನಿಂದ. ನೆಲಕ್ಕೆ ಕಚ್ಚಿ ನಿಲ್ತದೆ. ಆ ಮುಳ್ಳು ಎರಡೂ ಬದಿ ಮುರಿದ್ರೆ ಹಾರಿ ಇಳಿದಾಗೆಲ್ಲ ಜಾರಿ ಬೀಳ್ತದೆ. ಬಿದ್ದಾಗ ಹೊಡೀಬೇಕು. ನೀವು ಮೂವರೂ ಸುಮ್ನೆ ಮೂತಿ ನೋಡಿಕೊಂಡು ನಿಲ್ತೀರಿ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮಳೆಯದ್ದೊಂದೇ ಸದ್ದು.

"ಅಂದ್ರೆ," ಅಂದರು ಭಾವ ನಿಧಾನವಾಗಿ, "ಅದರ ಸೋಗೆ ಎಳೆಯಬೇಕು."

ನನಗೆ ಕೇಳಿದರೆ ಇಡೀ ಬೇಟೆಯ ಗುಟ್ಟು ಈ ಒಂದು ಮಾತಿನಲ್ಲಿದೆ. ಕೋರೆ ಭಯಂಕರ ಹೌದು, ತಲೆ ಮೆತ್ತಗೆ ಇರುವ ಜಾಗವೂ ಹೌದು. ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ, ತಲೆ ಸಿಗುವುದಾದರೂ ಹೇಗೆ? ಮೊದಲು ಕಾಲು ತಪ್ಪಿಸಬೇಕು. ಸೋಡನ ಸುತ್ತಿಗೆಯೂ ದಂಡ ಅಲ್ಲ. ತಲೆಗೆ ಬಡಿದು ಬೀಳಿಸುವುದು, ಬಿದ್ದಾಗ ರೆಕ್ಕೆಗೆ ಬಾರಿಸುವುದು.

ಉಳಿದದ್ದಕ್ಕೆಲ್ಲ ಒಬ್ಬೊಬ್ಬರದ್ದು ಒಂದೊಂದು ಅಭಿಪ್ರಾಯ. ಇದಕ್ಕೆ ಬೆಂಕಿಯ ಆಯುಧವೇ ಆಗಬೇಕು, ಬೆಂಕಿಗೆ ಹೆದರುವ ಪ್ರಾಣಿ ಇದು. ಅದು ಇಲ್ಲದಿದ್ದರೆ ಸಿಡಿಲಿನದ್ದು. ಬೆಂಕಿ ಉಗುಳುವ ಅಂಜನಾತ್ ಅನ್ನುವ ಇನ್ನೊಂದು ಪ್ರಾಣಿಯನ್ನು ಕೊಂದು ಅದರ ಎಲುಬಿನಿಂದ ಬೆಂಕಿ ಆಯುಧ ಮಾಡಿಸಬಹುದು. "ಆಂಜನೇಯನಾ?" ಅಂತ ಭಾವ ಕೇಳಿದಾಗ ಅಳಿಯ ತಿದ್ದುವ ಗೋಜಿಗೆ ಹೋಗಲಿಲ್ಲ. ಲಂಕೆ ಸುಟ್ಟವನ ಹೆಸರು, ಬೆಂಕಿಗೆ ಸರಿಯಾಗಿಯೇ ಇದೆ.

ಚಳಿಗೆ ಬಿಸಿ ಪೇಯ ಕುಡಿದೇ ಹೊರಡಬೇಕು, ಇಲ್ಲದಿದ್ದರೆ ದಮ್ಮಿನ ಪಟ್ಟಿ ಬೇಗ ಬೇಗ ಗಿಡ್ಡವಾಗುತ್ತಾ ಬರುತ್ತದೆ. ಅಲ್ಲಿ ಬೆಳೆಯುವ ಒಂದು ಮೆಣಸಿನಿಂದ ಮಾಡುವ ಪೇಯ ಅದು.

"ಮೆಣಸು ಹಾಕಿ ಕುದಿಸಿದ್ದಾ? ಕಷಾಯ ಅಂತ ಹೇಳಬಾರದಾ ಮಾರಾಯ," ಅಂದರು ಭಾವ. "ಜಪಾನಿನವರಿಗೆ ನಮ್ಮ ಮನೆಯ ಕಷಾಯದ ವಿಷಯ ಹೇಗೆ ಗೊತ್ತಾಯ್ತು? ಮತ್ತೆ ಕೊಳೆ ಬಂದ ಮೇಲೆ ಮದ್ದು ಬಿಟ್ಟು ಪ್ರಯೋಜನ ಇಲ್ಲ. ಕುಡಿಯುವುದಾದ್ರೆ ಹೊರಡುವ ಮೊದಲೇ ಕುಡೀಬೇಕು."

ಹಿಮ ಹಿಡಿದರೆ ನಲ್‌ಬೆರಿ ಅನ್ನುವ ಹಣ್ಣು ತಿನ್ನಬೇಕು, ಬಿಟ್ಟುಹೋಗುತ್ತದೆ. ಅದು ಪುನರ್ಪುಳಿಯೇ ಅಂತ ಸೋಡನ ವಾದ. ಅವನ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ಪುನರ್ಪುಳಿ ಶರಬತ್ತೇ, ಅದನ್ನು ಬಿಟ್ಟುಬಿಡೋಣ.

ಔಷಧ ಕುಡಿಯುವ ವಿಷಯದಲ್ಲಿ ಮಾಷ್ಟ್ರಿಗೆ ಪ್ರತ್ಯೇಕ ಕ್ಲಾಸ್ ಆಯಿತು. ಬೇರೆಯಾತ ಇನ್ನೊಂದು ಜಾಗಕ್ಕೆ ಹಾರಿ ಹೋದಾಗ ಕುಡಿಯಿರಿ, ಕತ್ತಿ ಮಸೆಯುವುದೂ ಆಗಲೇ. ಅದು ಮೈಮೇಲೆ ಹಾರುವಾಗ ಹಿಂದಕ್ಕೆ ಓಡಬೇಡಿ, ಪಕ್ಕಕ್ಕೆ ಉರುಳಿ. ಮಾಷ್ಟ್ರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಅವರ ದೂರು ಒಂದೇ: ಆಟದಲ್ಲಿ ಪ್ರಾಣಿಯ ಜೀವ ಎಷ್ಟು ಉಳಿದಿದೆ ಅಂತ ಪಟ್ಟಿಯೇ ತೋರಿಸುವುದಿಲ್ಲ. ಕುಂಟುತ್ತದಾ, ಜೊಲ್ಲು ಸುರಿಸುತ್ತದಾ ಅಂತ ನಾವೇ ನೋಡಿ ತಿಳಿಯಬೇಕು. "ಮಾರ್ಕ್ ಕಾರ್ಡ್ ಕೊಡದ ಪರೀಕ್ಷೆ," ಅಂತ ಗೊಣಗಿದರು.

ನನ್ನ ಕಣ್ಣು ಬೇರೆ ಕಡೆ ಇತ್ತು. ಬೇಟೆಗೆ ಮೊದಲು ಬೆಕ್ಕಜ್ಜಿ ಒಬ್ಬಳು ಊಟ ಬಡಿಸುತ್ತಾಳೆ. ಊಟಕ್ಕೆ ತಕ್ಕ ಹಾಗೆ ಏನೇನೋ ವರ. ದಿನಕ್ಕೊಂದು ರೀತಿ ಬದಲಾಗುತ್ತದೆ. ಆ ದಿನದ ಪಟ್ಟಿಯಲ್ಲಿ ಬೆಕ್ಕಿನ ವಿಮೆ ಅಂತ ಒಂದಿತ್ತು. ಅದಿದ್ದರೆ ಮೂರ್ಛೆ ಹೋಗಲು ಒಂದು ಸಲ ಹೆಚ್ಚಿಗೆ ಅವಕಾಶ.

"ನಾಲ್ಕು ಜೀವ!" ನಾನು ಹಪ್ಪಳ ಬಿಟ್ಟು ಎದ್ದೆ.

"ತಲೆಗೆ ಒಂದು," ಅಂದರು ಮಾಷ್ಟ್ರು, ಮುಖ ಬೆಳಗಿತು. "ಶೇಷ ಸೊನ್ನೆ."

"ಬೆಕ್ಕು ಮಾಡಿದ ಅಡಿಗೆ ಉಣ್ಣುವುದಾ?" ಭಾವ ತಕರಾರು ತೆಗೆದರು. ಕೊನೆಗೆ ತರಕಾರಿಯದ್ದೇ ಬೇಕು ಅಂತ ಒಪ್ಪಿಕೊಂಡರು. ತಮಾಷೆ ಅಂದರೆ ಅದೇ ಸರಿಯಾಯಿತು. ಮಾಂಸದ ಊಟಕ್ಕೆ ಹೊಡೆತದ ಬಲ, ಮೀನಿಗೆ ತಡೆಯುವ ಬಲ, ತರಕಾರಿಗೆ ಹಿಮ, ಬೆಂಕಿಯಂಥದ್ದನ್ನು ತಾಳಿಕೊಳ್ಳುವ ಬಲ. ಆ ದಿನವಿಡೀ ಭಾವ ಅದನ್ನು ಹತ್ತು ಸಲ ಹೇಳಿದರು.

ಹೊರಟೆವು. ಭಾವ ಈ ಸಲ ಪ್ರವೇಶಕ್ಕೆ ಕಾಯಲಿಲ್ಲ. ಎಡಗಡೆಯ ಮುಳ್ಳು ಅವರೇ ಮುರಿದದ್ದು, ಬೆಕ್ಕಿನ ಗಾಡಿ ಹತ್ತಿದ್ದೂ ನಗುತ್ತಲೇ. ಮಾಷ್ಟ್ರು ಡೈರಿ ನೋಡಿ ಆಡಿದರು. ಎಡಕ್ಕೆ ಉರುಳು ಅಂತ ಓದಿ ಮುಗಿಸುವಷ್ಟರಲ್ಲಿ ಗಾಡಿ ಬಂದಿತ್ತು. ಸೋಡ ತಲೆಗೆ ಬಡಿದ, ಬೇರೆಯಾತ ಬಿದ್ದ, ಈ ಸಲ ಕೈ ಒರೆಸಿಕೊಳ್ಳದೆ ಬಲಗಡೆಯ ಮುಳ್ಳಿಗೆ ಬಾರಿಸಿದ. ಕಟಕ್! ಮುರಿಯಿತು. ಅದೇ ಖುಷಿಯಲ್ಲಿ ನಮ್ಮ ಮುಖ ನೋಡಲು ತಿರುಗಿದ. ಬೆಕ್ಕು.

ಕಂಟ್ರೋಲರ್ ನನ್ನ ಕೈಗೆ ಬಂತು. ಭಾವನ ನೀಲಿ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆಟ್ಟು ಇಟ್ಟೆ.

ಬೇರೆಯಾತ ಹಾರಿದ. ಇಳಿದ. ಇಳಿದವನು ನಿಲ್ಲಲಿಲ್ಲ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ, ಹೊಟ್ಟೆ ನೆಲಕ್ಕೆ, ಜರ್‍ರನೆ ಜಾರಿ ಹೋಗಿ ಮಗುಚಿದ. "ನನ್ನ ಹಾಗೇ!" ಅಂತ ಭಾವ ಕೂಗಿದರು, ಸ್ವಂತ ತಮ್ಮ ಸಿಕ್ಕಿದ ಹಾಗೆ. ಹೊಡೆದೆ. ಮತ್ತೆ ಹಾರಿದ, ಮತ್ತೆ ಜಾರಿದ. ಹೊಡೆದೆ. ಐದಾರು ಸಲ ಹೀಗೇ ಆಯಿತು. ಕುಂಟುತ್ತಾ ಹೊರಟ. ಮೂಲೆಯ ನಕ್ಷೆಯ ಹತ್ತಿರ ತಲೆಬುರುಡೆಯ ಗುರುತು ಬಂತು. ಅಂದರೆ ಇನ್ನು ಕೊಲ್ಲಬೇಕಾಗಿಲ್ಲ, ಜೀವಂತ ಹಿಡಿಯಬಹುದು.

"ಬೋನು ಇಡಿ ಮಾವ," ಅಂದ ಅಳಿಯ, ಅವನ ದನಿಯೂ ನಡುಗುತ್ತಿತ್ತು. "ಸಿಕ್ಕಿಬಿದ್ದ ಮೇಲೆ ಮಂಪರು ಗುಂಡು ಎರಡು ಎಸೀರಿ. ಎರಡೇ ಸಾಕು."

ಬೋನು ಇಟ್ಟೆ. ಬೇರೆಯಾತ ಬಂದ. ಸಿಕ್ಕಿಬಿದ್ದ. ಮೊದಲ ಗುಂಡು ಎಸೆದೆ. ಎರಡನೆಯದಕ್ಕೆ ಚೀಲಕ್ಕೆ ಕೈ ಹಾಕಿದೆ.

ಚೀಲ ಖಾಲಿ.

ನಾವು ಮೂವರೂ ಮಾಷ್ಟ್ರ ಕಡೆ ತಿರುಗಿದೆವು. ಮಾಷ್ಟ್ರು ಡೈರಿಯ ಕಡೆ ತಿರುಗಿದರು.

"ಶುರುವಿನಲ್ಲಿ ಏಳು ಎಸೆದು ನೋಡಿದ್ದೆ," ಅಂದರು ಮೆಲ್ಲಗೆ. "ಹಿಮದ ಉಂಡೆ ಅಂತ ಗ್ರಹಿಸಿದ್ದು. ಅಲ್ಲಿ ಎಲ್ಲ ಬೆಳ್ಳಗೇ ಕಾಣ್ತದಲ್ಲ."

ಬೋನು ಮುರಿಯಿತು. ಬೇರೆಯಾತ ಎದ್ದ. ಮತ್ತೆ ಜಾರಿ ಬಿದ್ದ ಅನ್ನುವುದು ನಿಜ, ಆದರೆ ಬಿದ್ದದ್ದು ನನ್ನ ಮೇಲೆ.

ಬೆಕ್ಕಿನ ಗಾಡಿಯಲ್ಲಿ ಕೂತು ನೋಡಿದರೆ ಆ ಊರು ಚಂದ ಕಾಣುತ್ತದೆ, ಅಷ್ಟು ಹೇಳಬಲ್ಲೆ.

ಮುಂದಿನ ಭಾನುವಾರಕ್ಕೆ ವಯಸ್ಸಿನ ಸರದಿ ಬೇಡ, ಅನ್ಯಾಯ ಆಗ್ತದೆ ಅಂತ ಮಾಷ್ಟ್ರೇ ಹೇಳಿದರು. ಡೈರಿಯ ಹಾಳೆ ಹರಿದು ನಾಲ್ಕು ಚೀಟಿ ಮಾಡಿ, ಹಪ್ಪಳದ ಖಾಲಿ ಡಬ್ಬಿಗೆ ಹಾಕಿ ಕುಲುಕಿದರು. ಮೊದಲು ನೀನೇ ತೆಗೆ ಅಂದರು. ತೆಗೆದೆ. ಬಿಚ್ಚಿದೆ.

ಭಾವ ಬಗ್ಗಿ ನೋಡಿದರು. "ನಾಲ್ಕು," ಅಂತ ಓದಿ ಹೇಳಿ, ಪಂಚೆ ಎತ್ತಿಕಟ್ಟಿ, ಸೋಗೆ ಇದ್ದಲ್ಲಿ ಮಾತ್ರ ಕಾಲಿಡುತ್ತಾ ಮನೆಗೆ ಹೊರಟರು.