5 ನಿಮಿಷಕ್ಕೊಂದ್ಸಲ ಫೋಲ್ಡರ್ ನೋಡೋ ಟಾಸ್ಕ್: ಕೆಲವು ಪಿಡಿಎಫ್ ಅರ್ಧ, ಕೆಲವು ಎರಡೆರಡು ಸಲ ಪ್ರೊಸೆಸ್ ಆಗ್ತಿವೆ

ಕಡತಪ್ರಿಯ:
ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಕೂತಿದೀನಿ, ಯಾರಾದ್ರೂ ಸ್ವಲ್ಪ ನೋಡಿ. ನೆಟ್‌ವರ್ಕ್ ಸ್ಕ್ಯಾನರ್ ಒಂದಿದೆ, ಅದು ನನ್ನ ವಿಂಡೋಸ್ ಮಷೀನಲ್ಲಿ ಶೇರ್ ಮಾಡಿರೋ 'ಇನ್‌ಬಾಕ್ಸ್' ಫೋಲ್ಡರಿಗೆ ಪಿಡಿಎಫ್ ಹಾಕುತ್ತೆ. ವಿಂಡೋಸಿನ ಟಾಸ್ಕ್ ಶೆಡ್ಯೂಲರ್ (ಹೇಳಿದ ಟೈಮಿಗೆ ಪ್ರೋಗ್ರಾಂ ಓಡಿಸೋದು) 5 ನಿಮಿಷಕ್ಕೊಂದ್ಸಲ ಪೈಥಾನ್ ಸ್ಕ್ರಿಪ್ಟ್ ಓಡಿಸುತ್ತೆ, ಸ್ಕ್ರಿಪ್ಟು ಇನ್‌ಬಾಕ್ಸಲ್ಲಿ ಸಿಕ್ಕಿದ್ದನ್ನೆಲ್ಲ ಡಿ ಡ್ರೈವಲ್ಲಿರೋ 'ಕೆಲಸ' ಫೋಲ್ಡರಿಗೆ ಮೂವ್ ಮಾಡಿ, ಅಲ್ಲಿರೋದಕ್ಕೆಲ್ಲ ಓಸಿಆರ್ (ಚಿತ್ರದಲ್ಲಿರೋ ಅಕ್ಷರನ ಟೆಕ್ಸ್ಟ್ ಮಾಡೋದು) ಮಾಡಿ, ಹೆಸರಿಗೆ ಟೈಮ್ ಸೇರಿಸಿ 'ಮುಗಿದಿದ್ದು' ಅಂತ ಫೋಲ್ಡರಲ್ಲಿ ಇಡುತ್ತೆ.

ತೊಂದರೆ ಏನಪ್ಪಾ ಅಂದ್ರೆ, ದಿನಕ್ಕೆ ಮೂರ್ನಾಲ್ಕು ಫೈಲ್ ಕೆಡ್ತಿವೆ. 40 ಪುಟದ ಸ್ಕ್ಯಾನಲ್ಲಿ 11 ಪುಟ ಮಾತ್ರ ಇರುತ್ತೆ, ಇಲ್ಲಾ ಓಪನ್ನೇ ಆಗಲ್ಲ. ಇನ್ನು ಕೆಲವು ಎರಡು ಕಾಪಿ ಬಂದಿರುತ್ವೆ. ಫೈಲ್ ಪೂರ್ತಿ ಬಂದಿದೆಯಾ ಅಂತ ಚೆಕ್ ಇದೆ, 10 ಸೆಕೆಂಡ್ ಬಿಟ್ಟು ಸೈಜ್ ಎರಡು ಸಲ ನೋಡಿ ಒಂದೇ ಇದ್ರೆ ಮಾತ್ರ ಮುಂದಕ್ಕೆ ಹೋಗುತ್ತೆ. ನಾನೇ ಕೈಯಾರೆ ಓಡಿಸಿದ್ರೆ ಒಂದು ಸಲಾನೂ ತಪ್ಪಾಗಿಲ್ಲ. ಅದೇ ಅರ್ಥ ಆಗ್ತಿಲ್ಲ.

ಇನ್ನೊಂದು, ಇದು ಬೇರೆ ತೊಂದರೆ ಅನ್ಸುತ್ತೆ, ಟಾಸ್ಕ್ ಒಂದು ದಿನ ಚೆನ್ನಾಗಿ ಓಡುತ್ತೆ, ಮಾರನೇ ದಿನ ಎರರ್ ಗಿರರ್ ಏನೂ ಇಲ್ದೆ ಸುಮ್ನೆ ನಿಂತ್ಬಿಡುತ್ತೆ.

ಲೂಪ್‌ಲೋಕ:
ಈ ಕಾಲದಲ್ಲೂ 5 ನಿಮಿಷಕ್ಕೊಂದ್ಸಲ ಪೋಲಿಂಗಾ (ಬಂತಾ ಬಂತಾ ಅಂತ ಹೋಗಿ ಹೋಗಿ ನೋಡೋದು) ಗುರು? ಡಾಟ್‌ನೆಟ್‌ನಲ್ಲಿ ಫೈಲ್‌ಸಿಸ್ಟಮ್‌ವಾಚರ್ ಇದೆ, ಪೈಥಾನಲ್ಲಾದ್ರೆ ವಾಚ್‌ಡಾಗ್ ಲೈಬ್ರರಿ. ಫೈಲ್ ಬಂದ ತಕ್ಷಣ ಇವೆಂಟ್ ಅಂತ ಒಂದು ಸುದ್ದಿ ಬರುತ್ತೆ, ಟೈಮರ್ ಕಿತ್ತಾಕಿ.

ಬ್ಯಾಚ್‌ಭೂತ:
ಲೂಪ್‌ಲೋಕ ಅವರೇ, ಬೇಜಾರ್ ಮಾಡ್ಕೋಬೇಡಿ, ಅದು ಇವರ ತೊಂದರೆನ ಇನ್ನೂ ಜಾಸ್ತಿ ಮಾಡುತ್ತೆ. 'ಕ್ರಿಯೇಟೆಡ್' ಅನ್ನೋ ಇವೆಂಟ್ ಬರೋದು ಫೈಲ್ ಹುಟ್ಟಿದಾಗ, ಬರೆದು ಮುಗಿದಾಗ ಅಲ್ಲ. ಈಗ 5 ನಿಮಿಷದಲ್ಲಿ ಯಾವಾಗ್ಲೋ ಒಂದ್ಸಲ ಅರ್ಧ ಫೈಲ್ ಸಿಗ್ತಿದೆ, ಆಗ ಪ್ರತಿ ಸಲಾನೂ ಅರ್ಧವೇ ಸಿಗುತ್ತೆ. ಫೈಲ್‌ಸಿಸ್ಟಮ್‌ವಾಚರಿನ ಬಫರ್ (ಇವೆಂಟ್ ಕೂಡಿಡೋ ಜಾಗ) ಬೇರೆ ಡೀಫಾಲ್ಟಾಗಿ 8 ಕೆಬಿ ಅಷ್ಟೇ, ಒಟ್ಟಿಗೆ ರಾಶಿ ಫೈಲ್ ಬಿದ್ದು ಅದು ತುಂಬಿದ್ರೆ ಇವೆಂಟ್‌ಗಳು ಕಳೆದೇ ಹೋಗ್ತವೆ. ಮಷೀನ್ ರೀಸ್ಟಾರ್ಟ್ ಆಗ್ತಿರೋವಾಗ ಬಂದ ಫೈಲಿಗಂತೂ ಇವೆಂಟೇ ಇಲ್ಲ, ಶುರುವಲ್ಲಿ ಫೋಲ್ಡರ್ ಪೂರ್ತಿ ನೋಡ್ಲೇಬೇಕು. ಅಂದ್ಮೇಲೆ ಟೈಮರೇ ಇರ್ಲಿ ಬಿಡಿ, ಸ್ಕ್ಯಾನ್ ಮಾಡಿದ ಪೇಪರಿಗೆ 5 ನಿಮಿಷ ಕಾಯೋಕಾಗಲ್ವಾ.

ಕಡತಪ್ರಿಯ, ಮೂವ್ ಯಾವುದ್ರಲ್ಲಿ ಮಾಡ್ತಿದೀರಿ? ಅದರ ಸುತ್ತ ಟ್ರೈ-ಎಕ್ಸೆಪ್ಟ್ ಹಾಕಿ 'ಪಾಸ್' ಅಂತ, ಅಂದ್ರೆ ಎರರ್ ಬಂದ್ರೂ ಸುಮ್ನೆ ಮುಂದಕ್ಕೆ ಹೋಗು ಅಂತ ಬಿಟ್ಟಿದೀರಾ?

ಕಡತಪ್ರಿಯ:
ಪೈಥಾನಿನ ಶಟಿಲ್ ಲೈಬ್ರರಿಯ ಮೂವ್ ಸರ್. ಮತ್ತೆ ಹೌದು, ಪಾಸ್ ಅಂತಾನೇ ಇದೆ 🙈 ಒಂದು ಫೈಲಿಗೋಸ್ಕರ ಇಡೀ ಸ್ಕ್ರಿಪ್ಟ್ ನಿಲ್ಲೋದು ಬೇಡ ಅಂತ ಹಾಕಿದ್ದು.

ಬ್ಯಾಚ್‌ಭೂತ:
ಉದ್ದೇಶ ಸರಿನೇ, ಆದ್ರೆ ಎರರನ್ನ ಲಾಗ್‌ಗೆ ಬರೀದೆ ನುಂಗ್ಬಿಟ್ರೆ ನಮಗೆ ಉಳಿಯೋದು ಬರೀ ಊಹೆ. ಪಾಸ್ ತೆಗೆದು ಎರರ್ ಪೂರ್ತಿ ಲಾಗ್ ಆಗೋ ಹಾಗೆ ಮಾಡಿ ಒಂದು ದಿನ ಓಡಿಸಿ. ಲಾಗ್ ಫೈಲಿಗೆ ಪೂರ್ತಿ ಪಾತ್ ಕೊಡಿ, ಶೆಡ್ಯೂಲರಲ್ಲಿ 'ಸ್ಟಾರ್ಟ್ ಇನ್' ಖಾಲಿ ಬಿಟ್ರೆ ಸ್ಕ್ರಿಪ್ಟ್ ವಿಂಡೋಸಿನ ಸಿಸ್ಟಮ್32 ಫೋಲ್ಡರ್ ಒಳಗೆ ನಿಂತು ಓಡುತ್ತೆ, ಆಮೇಲೆ ಲಾಗ್ ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂರಬೇಕು.

ರಾತ್ರಿಪಾಳಿ:
ನಿಂತುಹೋಗೋ ತೊಂದರೆಗೆ: ಟಾಸ್ಕ್ ಲಿಸ್ಟಲ್ಲಿ 'ನೆಕ್ಸ್ಟ್ ರನ್ ಟೈಮ್' ಖಾಲಿ ಇದೆಯಾ ನೋಡಿ. ಖಾಲಿ ಇದ್ರೆ, ಟ್ರಿಗರ್ 'ಒನ್ ಟೈಮ್' ಇಟ್ಟು ಕೆಳಗೆ ರಿಪೀಟ್ 5 ನಿಮಿಷ ಅಂತ ಕೊಟ್ಟಿದೀರಿ, ಪಕ್ಕದಲ್ಲಿ 'ಫಾರ್ ಎ ಡ್ಯುರೇಶನ್ ಆಫ್' ಅನ್ನೋದು 1 ದಿನ ಅಂತಾನೇ ಉಳಿದಿದೆ. 24 ಗಂಟೆ ಆದ್ಮೇಲೆ ಅದರ ಪಾಲಿಗೆ ಕೆಲಸ ಮುಗೀತು. ಅದನ್ನ 'ಇಂಡೆಫಿನಿಟ್ಲಿ' ಮಾಡಿ. ಲ್ಯಾಪ್‌ಟಾಪ್ ಆಗಿದ್ರೆ ಕಂಡೀಷನ್ಸ್ ಟ್ಯಾಬಲ್ಲಿ 'ಚಾರ್ಜರ್ ಹಾಕಿದ್ರೆ ಮಾತ್ರ ಓಡ್ಸು' ಅನ್ನೋ ಟಿಕ್ಕೂ ತೆಗೀರಿ, ಅದು ತಾನಾಗೇ ಬಂದಿರುತ್ತೆ.

ಕಡತಪ್ರಿಯ:
ರಾತ್ರಿಪಾಳಿ ಅವರೇ ಕರೆಕ್ಟಾಗಿ ಹೇಳಿದ್ರಿ, 1 ದಿನ ಅಂತಾನೇ ಇತ್ತು, ಸರಿ ಮಾಡ್ದೆ.

ಬ್ಯಾಚ್‌ಭೂತ ಸರ್, ಲಾಗ್ ಬಂತು. ಕೆಟ್ಟ ಫೈಲ್ ಪ್ರತಿಯೊಂದಕ್ಕೂ ಒಂದೇ ಸಾಲು: ಪರ್ಮಿಷನ್ ಎರರ್, ವಿನ್‌ಎರರ್ 32, ಫೈಲನ್ನ ಬೇರೆ ಪ್ರೊಸೆಸ್ ಬಳಸ್ತಿದೆ ಅಂತ. ಆದ್ರೆ ಮೂವ್ ಫೇಲಾಗಿದ್ರೆ ಫೈಲ್ ಡಿ ಡ್ರೈವಿಗೆ ಹೋಗಿದ್ದಾದ್ರೂ ಹೇಗೆ??

ಬ್ಯಾಚ್‌ಭೂತ:
ಸಿಕ್ತು ನೋಡಿ ಕಳ್ಳ. ನಿಮ್ಮ ಇನ್‌ಬಾಕ್ಸ್ ಸಿ ಡ್ರೈವಲ್ಲಿದೆ, ಕೆಲಸ ಫೋಲ್ಡರ್ ಡಿ ಡ್ರೈವಲ್ಲಿದೆ, ಅಲ್ವಾ? ಒಂದೇ ಡ್ರೈವೊಳಗೆ ಮೂವ್ ಅಂದ್ರೆ ಬರೀ ಹೆಸರು ಬದಲಾವಣೆ, ಫೈಲಿನ ಡೇಟಾ ಅಲ್ಲಾಡೋದೇ ಇಲ್ಲ. ಡ್ರೈವ್ ಬೇರೆ ಆದ್ರೆ ಶಟಿಲ್ ಸದ್ದಿಲ್ದೆ ಕಾಪಿ ಮಾಡಿ ಆಮೇಲೆ ಮೂಲ ಡಿಲೀಟ್ ಮಾಡುತ್ತೆ. ಸ್ಕ್ಯಾನರ್ ಇನ್ನೂ ಬರೀತಾ ಇರೋವಾಗ ಓದೋಕೆ ಬಿಡ್ತು, ಅಷ್ಟೊತ್ತಿಗೆ ಇದ್ದ 11 ಪುಟ ಡಿ ಡ್ರೈವಿಗೆ ಕಾಪಿ ಆಯ್ತು. ಡಿಲೀಟ್ ಮಾಡೋಕೆ ಹೋದ್ರೆ ಬಿಡ್ಲಿಲ್ಲ, ಎರರ್ 32. ಅದನ್ನ ನಿಮ್ಮ ಪಾಸ್ ನುಂಗ್ತು, ಸ್ಕ್ರಿಪ್ಟು 11 ಪುಟಕ್ಕೇ ಓಸಿಆರ್ ಮಾಡ್ತು. ಮೂಲ ಇನ್‌ಬಾಕ್ಸಲ್ಲೇ ಉಳೀತು, 5 ನಿಮಿಷ ಆದ್ಮೇಲೆ ಪೂರ್ತಿ ಆಗಿರೋ ಅದೇ ಫೈಲನ್ನ ಸ್ಕ್ರಿಪ್ಟು ಮತ್ತೆ ಎತ್ಕೊಳ್ತು. ಎರಡು ಕಾಪಿ ಬಂದಿರೋದ್ರಲ್ಲಿ ಮೊದಲನೇದು ಯಾವಾಗ್ಲೂ ಅರ್ಧ ಇರುತ್ತೆ, ಹೋಗಿ ನೋಡಿ ಬೇಕಾದ್ರೆ. ಅರ್ಧ ಫೈಲು, ಎರಡು ಕಾಪಿ ಅಂತ ನೀವು ಎರಡು ತೊಂದರೆ ಅಂದ್ಕೊಂಡಿದ್ದು ಒಂದೇ. ಕೈಯಾರೆ ಓಡಿಸಿದ್ರೆ ಬರದೇ ಇರೋದ್ಯಾಕೆ ಅಂದ್ರೆ, ಸ್ಕ್ಯಾನ್ ಮುಗಿಸಿ ಎದ್ದು ಬಂದು ಕೂತು ಓಡಿಸ್ತೀರಲ್ಲ, ಅಷ್ಟೊತ್ತಿಗೆ ಸ್ಕ್ಯಾನರ್ ಫೈಲ್ ಬಿಟ್ಟಿರುತ್ತೆ.

ಆ ಸೈಜ್ ಚೆಕ್ ನಂಬಬೇಡಿ. ಪೇಪರ್ ಸಿಕ್ಕಾಕೊಂಡು ಸ್ಕ್ಯಾನರ್ 30 ಸೆಕೆಂಡ್ ನಿಂತ್ರೂ ಸೈಜ್ ಬದಲಾಗಲ್ಲ. ವಿಂಡೋಸಲ್ಲಿ ಯಾರಾದ್ರೂ ಎಕ್ಸ್‌ಪ್ಲೋರರಿಂದ ದೊಡ್ಡ ಫೈಲ್ ಕಾಪಿ ಮಾಡಿ ಹಾಕಿದ್ರಂತೂ ಶುರುವಲ್ಲೇ ಪೂರ್ತಿ ಸೈಜಿನ ಜಾಗ ಹಿಡಿದಿಟ್ಟು ಆಮೇಲೆ ತುಂಬುತ್ತೆ, ಹೊರಗಿಂದ ನೋಡಿದ್ರೆ ಮೊದಲ ಸೆಕೆಂಡಿಂದಾನೇ ಪೂರ್ತಿ ಇದ್ದ ಹಾಗೆ. ಮಾಡಿಫೈಡ್ ಟೈಮ್ ನೋಡ್ತೀನಿ ಅಂತಾನೂ ಹೋಗ್ಬೇಡಿ, ಕಾಪಿ ಮಾಡಿದ ಫೈಲು ಹಳೇ ಮೂಲದ ಟೈಮನ್ನೇ ಹೊತ್ಕೊಂಡು ಬರುತ್ತೆ.

ಮಾಡಬೇಕಾದ್ದು ಇಷ್ಟೇ. ಕೆಲಸ ಫೋಲ್ಡರನ್ನ ಇನ್‌ಬಾಕ್ಸ್ ಇರೋ ಡ್ರೈವಿಗೇ ತನ್ನಿ, ಶೇರ್ ಆಗಿರೋ ಫೋಲ್ಡರ್ ಒಳಗಲ್ಲ, ಪಕ್ಕದಲ್ಲಿ. ಶಟಿಲ್ ಮೂವ್ ಬಿಟ್ಟು ಪೈಥಾನಿನ ಓಎಸ್ ಮಾಡ್ಯೂಲಲ್ಲಿರೋ ರೀನೇಮ್ ಬಳಸಿ. ಬರೆಯೋರು ಫೈಲ್ ಹಿಡ್ಕೊಂಡಿದ್ರೆ ಸಾಮಾನ್ಯವಾಗಿ ರೀನೇಮೇ 32 ಅಂತ ಫೇಲಾಗುತ್ತೆ, ಆಗ ಲಾಗಲ್ಲಿ ಒಂದು ಸಾಲು ಬರೆದು ಬಿಟ್ಬಿಡಿ, 5 ನಿಮಿಷಕ್ಕೆ ಮುಂದಿನ ಸರದಿ ಬಂದೇ ಬರುತ್ತೆ. ರೀನೇಮ್ ಆಯ್ತು ಅಂದ್ರೆ ಫೈಲ್ ನಿಮ್ದು. ಎರಡು ಸ್ಕ್ರಿಪ್ಟ್ ಒಟ್ಟಿಗೆ ಓಡಿದ್ರೂ ಒಂದಕ್ಕೇ ಸಿಗುತ್ತೆ, ಇನ್ನೊಂದಕ್ಕೆ ಫೈಲ್ ಇಲ್ಲ ಅಂತ ಬರುತ್ತೆ. ಅಪ್ಪಿತಪ್ಪಿ ಬೇರೆ ಡ್ರೈವಿಗೆ ರೀನೇಮ್ ಮಾಡೋಕೆ ಹೋದ್ರೆ ಎರರ್ 17 ಕೊಟ್ಟು ನಿಲ್ಲುತ್ತೆ, ಶಟಿಲ್ ಥರ ಕದ್ದು ಕಾಪಿ ಮಾಡಲ್ಲ, ನನಗೆ ಅದೇ ಇಷ್ಟ.

ಪೆಂಗ್ವಿನ್‌ಪ್ರೇಮಿ:
ಲಿನಕ್ಸಲ್ಲಿ ಇದನ್ನ ಓದ್ತಿರೋರಿಗೆ ಒಂದು ಮಾತು, ಅಲ್ಲಿ ಈ 32 ಎರರ್ ಸಿಗಲ್ಲ! ಇನ್ನೊಬ್ರು ಬರೀತಾ ಇದ್ರೂ ರೀನೇಮ್ ಆರಾಮಾಗಿ ಆಗ್ಬಿಡುತ್ತೆ, ಅವರು ಬರೀತಾನೇ ಇರ್ತಾರೆ. ಅಲ್ಲಿ ಕಳಿಸೋರೇ ಮೊದಲು ಬೇರೆ ಹೆಸರಲ್ಲಿ ಬರೆದು, ಮುಗಿದ್ಮೇಲೆ ನಿಜವಾದ ಹೆಸರಿಗೆ ರೀನೇಮ್ ಮಾಡೋ ಹಾಗೆ ಮಾಡ್ಕೊಳ್ಳಿ. ಅದಾಗಲ್ಲ ಅಂದ್ರೆ ಐನೋಟಿಫೈಯಲ್ಲಿ (ಲಿನಕ್ಸಿನ ಫೈಲ್ ಇವೆಂಟ್ ವ್ಯವಸ್ಥೆ) 'ಕ್ಲೋಸ್ ರೈಟ್' (ಬರೆಯೋಕೆ ತೆಗೆದ ಫೈಲ್ ಮುಚ್ಚಿದ ಇವೆಂಟ್) ನೋಡಿ, 2005ರಲ್ಲಿ ಕರ್ನಲ್ 2.6.13ರಿಂದ ಇದೆ, ಆದ್ರೆ ಎನ್ಎಫ್ಎಸ್‌ನಲ್ಲಿ (ನೆಟ್‌ವರ್ಕಲ್ಲಿ ಹಂಚಿದ ಫೋಲ್ಡರಲ್ಲಿ) ಬೇರೆ ಮಷೀನ್ ಬರೆದಿದ್ದು ಅದಕ್ಕೆ ಕಾಣಲ್ಲ. ಕ್ರಾನ್ (ಅಲ್ಲಿನ ಟಾಸ್ಕ್ ಶೆಡ್ಯೂಲರ್) ಹಿಂದಿನ ರನ್ ಮುಗಿದಿದೆಯಾ ಅಂತ ಕೇಳೋದೂ ಇಲ್ಲ, ಟೈಮಾಯ್ತಾ, ಇನ್ನೊಂದು ಶುರು. ಅದಕ್ಕೆ ಎಫ್‌ಲಾಕ್ (ಒಂದು ಓಡ್ತಿರೋವಾಗ ಇನ್ನೊಂದನ್ನ ತಡೆಯೋ ಬೀಗ) ಜೊತೆ ಓಡಿಸಿ.

ಕಡತಪ್ರಿಯ:
ಮೂರು ದಿನ ಓಡಿಸಿ ನೋಡ್ದೆ. ಎರಡೆರಡು ಕಾಪಿ ಬರೋದು ಪೂರ್ತಿ ನಿಂತಿದೆ, ಹಳೇದು ನೋಡಿದ್ರೆ ನಿಜವಾಗ್ಲೂ ಮೊದಲನೇ ಕಾಪಿನೇ ಅರ್ಧ ಇತ್ತು 🙏 ಆದ್ರೆ ಅರ್ಧ ಫೈಲ್ ಮೂರು ದಿನದಲ್ಲಿ ಒಂದು ಬಂತು. ಲಾಗಲ್ಲಿ ಎರರೇ ಇಲ್ಲ, ರೀನೇಮ್ ಆಗಿದೆ, ಇನ್‌ಬಾಕ್ಸಲ್ಲಿ ಮಾತ್ರ ಅದೇ ಹೆಸರಿನ ಇನ್ನೊಂದು ತುಂಡು ಬಿದ್ದಿತ್ತು.

ಬ್ಯಾಚ್‌ಭೂತ:
ಹಾಗಾದ್ರೆ ನಿಮ್ಮ ಸ್ಕ್ಯಾನರ್ ಪೂರ್ತಿ ಹೊತ್ತು ಫೈಲ್ ಹಿಡ್ಕೊಂಡಿರಲ್ಲ, ಮಧ್ಯೆ ಮಧ್ಯೆ ಮುಚ್ಚಿ ಮತ್ತೆ ತೆಗೀತಿದೆ. ಆ ಸಂದಿಯಲ್ಲಿ ನೀವು ಎತ್ಕೊಂಡ್ರಿ, ಅದು ಹೊಸದಾಗಿ ಫೈಲ್ ಮಾಡ್ಕೊಂಡು ಉಳಿದಿದ್ದು ಬರೀತು. ಬಾಗಿಲು ಮುಚ್ಚಿದ್ದು ನೋಡಿದ್ರೆ ಸಾಲಲ್ಲ, ಕಳಿಸೋರು ಮುಗೀತು ಅಂತ ಹೇಳಿರೋ ಗುರುತೇ ಬೇಕು. ಪಿಡಿಎಫಲ್ಲಿ ಅದು ಇದೆ, ಪೂರ್ತಿ ಆದ ಪಿಡಿಎಫ್ ಕೊನೇಲಿ %%ಇಒಎಫ್ (ಎಂಡ್ ಆಫ್ ಫೈಲ್, ಇಂಗ್ಲಿಷ್ ಅಕ್ಷರದಲ್ಲಿ) ಅಂತ ಇರುತ್ತೆ. ರೀನೇಮ್‌ಗೆ ಮುಂಚೆ ಅದನ್ನ ಹುಡುಕಿ, ಇಲ್ದಿದ್ರೆ ಮುಂದಿನ ಸರದಿಗೆ ಬಿಡಿ. ಕಟ್ಟಕಡೆಯ ಅಕ್ಷರದಲ್ಲೇ ಇರಬೇಕು ಅಂತ ಹಠ ಹಿಡೀಬೇಡಿ, ಕೆಲವು ಮಷೀನ್ ಅದರ ಹಿಂದೆ ಕಸ ಸೇರಿಸ್ತವೆ, ಕೊನೇ 1024 ಬೈಟಲ್ಲಿ ಎಲ್ಲಿದ್ರೂ ಒಪ್ಕೊಳ್ಳಿ. ಒಂದು ಗಂಟೆ ಆದ್ರೂ ಗುರುತು ಬರ್ಲಿಲ್ಲ ಅಂದ್ರೆ ಸ್ಕ್ಯಾನೇ ಮಧ್ಯದಲ್ಲಿ ಸತ್ತಿದೆ, 'ತೊಂದರೆ' ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ.

ಹಾಂ, ಓಸಿಆರ್ ಮಧ್ಯೆ ಕರೆಂಟ್ ಹೋದ್ರೆ ಫೈಲ್ ಕೆಲಸ ಫೋಲ್ಡರಲ್ಲೇ ಅನಾಥ ಆಗಿರುತ್ತೆ. ನಿಮ್ಮ ಸ್ಕ್ರಿಪ್ಟು ಅಲ್ಲಿರೋದನ್ನೆಲ್ಲ ನೋಡೋದ್ರಿಂದ ತಾನಾಗೇ ಮತ್ತೆ ಎತ್ಕೊಳ್ಳುತ್ತೆ, ಅದು ಒಳ್ಳೇದೇ, ಆದ್ರೆ ಒಂದೇ ಫೈಲ್ ಮೂರು ಸಲ ಫೇಲಾದ್ರೆ ಅದನ್ನೂ ತೊಂದರೆ ಫೋಲ್ಡರಿಗೆ ಕಳಿಸಿ, ಇಲ್ಲಾಂದ್ರೆ 5 ನಿಮಿಷಕ್ಕೊಂದ್ಸಲ ಅದೇ ಫೈಲಿಗೆ ತಲೆ ಚಚ್ಕೊಳ್ತಿರುತ್ತೆ.

ಕಡತಪ್ರಿಯ:
ಹಾಕ್ದೆ. ಹತ್ತು ದಿನ ಆಯ್ತು, ತೊಂದರೆ ಫೋಲ್ಡರಲ್ಲಿ ಒಟ್ಟು ಎರಡು ಫೈಲ್. ಒಂದು ಸ್ಕ್ಯಾನ್ ಮಧ್ಯೆ ನಾನೇ ಕ್ಯಾನ್ಸಲ್ ಒತ್ತಿದ್ದು. ಇನ್ನೊಂದು ಯಾರೋ ಪಾಸ್‌ವರ್ಡ್ ಹಾಕಿರೋ ಪಿಡಿಎಫ್ ತಂದು ನೇರ ಇನ್‌ಬಾಕ್ಸಿಗೆ ಬಿಟ್ಟಿದಾರೆ, ಮೂರು ಸಲ ಒದ್ದಾಡಿ ಪಕ್ಕಕ್ಕೆ ಹೋಗಿ ಕೂತಿದೆ. ಸಾಲ್ವ್ಡ್ ಅಂತ ಮಾರ್ಕ್ ಮಾಡ್ತಿದೀನಿ.